ಬಲ್ಬು ಕಾಯುವುದಿಲ್ಲ, ಚಪ್ಪಲಿ ತಡೆಯುವುದಿಲ್ಲ

ಪಂಜದ ಕಡೆಯ ಒಂದು ತೋಟಕ್ಕೆ ಹೋಗಿದ್ದೆ. ಗೆಣಸಿನ ಸಾಲುಗಳ ಸುತ್ತ ಮೊಣಕಾಲೆತ್ತರದಲ್ಲಿ ಒಂದೇ ಒಂದು ಜಿ.ಐ. ತಂತಿ ಎಳೆದಿದ್ದರು. ಅದರ ಜಾಡು ಹಿಡಿದು ಹೋದರೆ ತಂತಿ ಪಂಪ್‌ಶೆಡ್ಡಿನ ಒಳಹೊಕ್ಕು, ಗೋಡೆಗೆ ಸಿಕ್ಕಿಸಿದ್ದ 100 ವಾಟಿನ ಹಳೇ ಬಲ್ಬನ್ನು ದಾಟಿ ನೇರ ಫೇಸಿಗೆ ಸೇರಿತ್ತು. “ಬಲ್ಬ್ ಉಂಟಲ್ಲ ಮಾರಾಯ್ರೆ, ಜಾಸ್ತಿ ಕರೆಂಟನ್ನು ಅದು ತಡೀತದೆ. ಹಂದಿಗೆ ಒಂದು ಪೆಟ್ಟು, ಅಷ್ಟೇ” ಅಂದರು ತೋಟದ ಯಜಮಾನರು. ಯಾರ ಜೀವಕ್ಕೂ ಕೇಡು ಬಯಸುವ ಮನುಷ್ಯ ಅಲ್ಲ ಅವರು. ಆ ಬೇಲಿಯ ಪಕ್ಕದ ಕಾಲುದಾರಿಯಲ್ಲೇ ಅವರ ಮೊಮ್ಮಗ ದಿನಾ ಶಾಲೆಗೆ ಹೋಗುತ್ತಿದ್ದ. ಬಲ್ಬು ಕಾಯುತ್ತದೆ ಎಂದು ಅವರು ಮನಸಾರೆ ನಂಬಿದ್ದರು.

ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯಲ್ಲೇ ಉಪಕರಣ ಮಾಡಿಕೊಳ್ಳುವುದು ಹೊಸ ಹವ್ಯಾಸವೇನಲ್ಲ. ಗುಡ್ಡದ ಮೇಲೆ ಮನೆ, ಬೈಲಿನಲ್ಲಿ ತೋಟ, ಪೇಟೆಯಿಂದ ಮೆಕ್ಯಾನಿಕ್ ಬರುವಷ್ಟರಲ್ಲಿ ಅಡಿಕೆ ಸಸಿ ಬಾಡಿರುತ್ತದೆ. ಹಾಗಾಗಿ ಮದ್ದು ಬಿಡುವ ಪಂಪಿನಿಂದ ಅಡಿಕೆ ಸುಲಿಯುವ ಯಂತ್ರದವರೆಗೆ ಕೃಷಿಕರೇ ತಲೆ ಓಡಿಸುತ್ತ ಬಂದಿದ್ದಾರೆ. 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’ ಇಂಥ ಕೈಚಳಕಗಳನ್ನು ಕೃಷಿಕರ ಕೈಯಿಂದಲೇ ಬರೆಸಿ ಊರೂರಿಗೆ ಮುಟ್ಟಿಸಿತು. 2005ರಲ್ಲಿ ಇಟಲಿಯಲ್ಲಿ ವಿದ್ಯಾರ್ಥಿಗಳಿಗೆಂದು ರೂಪುಗೊಂಡ ಆರ್ಡುಯಿನೋ ಬೋರ್ಡು ಈಗ ನಮ್ಮ ಹೈಸ್ಕೂಲು ಮಕ್ಕಳ ಕೈಗೂ ಬಂದಿದೆ. ಇದೆಲ್ಲ ನನಗೆ ತುಂಬ ಖುಷಿ ಕೊಡುವ ಸಂಗತಿ. ಆದರೆ ಈ ಉತ್ಸಾಹದ ಜೊತೆಗೇ ಕೆಲವು ನಂಬಿಕೆಗಳು ಬಾಯಿಂದ ಬಾಯಿಗೆ, ಈಗ ಮೊಬೈಲಿನಿಂದ ಮೊಬೈಲಿಗೆ ಹರಿಯುತ್ತಿವೆ. ಹೆಚ್ಚಿನವು ಪೂರ್ತಿ ಸುಳ್ಳಲ್ಲ. ಅರ್ಧ ಲೆಕ್ಕ ಮಾಡಿ ಬಿಟ್ಟವು. ವೋಲ್ಟ್ ನೋಡಿದವರು ಆಂಪಿಯರ್ ನೋಡಿರುವುದಿಲ್ಲ, ಆಂಪಿಯರ್ ನೋಡಿದವರು ಎಷ್ಟು ಹೊತ್ತು ಎಂದು ಕೇಳಿರುವುದಿಲ್ಲ.

“ನಡುವೆ ಬಲ್ಬು ಹಾಕಿದರೆ ಬೇಲಿ ಅಪಾಯವಲ್ಲ”

ಆ ಬಲ್ಬಿನ ಲೆಕ್ಕವನ್ನು ಪೂರ್ತಿ ಮಾಡೋಣ. 100 ವಾಟಿನ ತಂತಿ ಬಲ್ಬು 230 ವೋಲ್ಟಿನಲ್ಲಿ ಪೂರ್ತಿ ಉರಿಯುವಾಗ 0.43 ಆಂಪಿಯರ್ ಎಳೆಯುತ್ತದೆ. ಅಂದರೆ ಆಗ ಅದರ ತಡೆ ಸುಮಾರು 529 ಓಮ್. ಆದರೆ ಈ ತಡೆ ಬರುವುದು ಫಿಲಮೆಂಟ್ ಬಿಸಿಯಾಗಿ ಬೆಳ್ಳಗೆ ಹೊಳೆಯುವಾಗ ಮಾತ್ರ. ತಣ್ಣಗಿರುವ ಅದೇ ಬಲ್ಬನ್ನು ಮಲ್ಟಿಮೀಟರಿನಲ್ಲಿ ಅಳೆದರೆ ಸಿಗುವುದು ಬರೇ 40 ಓಮಿನ ಆಸುಪಾಸು. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತ ಮನುಷ್ಯನ ಮೈಯ ತಡೆ ಸುಮಾರು 1000 ಓಮ್ ಎಂದಿಟ್ಟುಕೊಳ್ಳಿ. ತಂತಿ ತಾಗಿದಾಗ ಬಲ್ಬು ಮಂಕಾಗಿ ಕೆಂಪಾದೀತು. ಮೈಯೊಳಗೆ ಹರಿಯುವ ಕರೆಂಟು 150 ಮಿಲಿಆಂಪಿಯರನ್ನು ದಾಟುತ್ತದೆ. ಸುಮಾರು 10 ಮಿಲಿಆಂಪಿಯರಿಗೇ ಸ್ನಾಯು ಬಿಗಿದು, ಹಿಡಿದ ತಂತಿಯನ್ನು ಬಿಡಲಾಗುವುದಿಲ್ಲ. ಕರೆಂಟು ಸೋರಿದರೆ ಲೈನು ಕಡಿಯುವ ಮನೆಯ ಆರ್.ಸಿ.ಸಿ.ಬಿ. 30 ಮಿಲಿಆಂಪಿಯರಿಗೆ ಬೀಳುವಂತೆ ಮಾಡಿರುವುದು ಅದರಾಚೆ ಹೃದಯದ ಬಡಿತ ತಪ್ಪುವ ಭಯ ಶುರುವಾಗುವುದರಿಂದಲೇ. 40 ವಾಟಿನ ಬಲ್ಬು ಹಾಕಿದರೂ 100 ಮಿಲಿಆಂಪಿಯರಿಗೆ ಕಡಿಮೆಯಾಗುವುದಿಲ್ಲ. ಬಲ್ಬಿನ ಬದಲು ಡಯೋಡ್ ಹಾಕಿದವರೂ ಇದ್ದಾರೆ. ಅದು ಅಲೆಯ ಅರ್ಧವನ್ನು ಮಾತ್ರ ಕತ್ತರಿಸುತ್ತದೆ, ಉಳಿದ ಅರ್ಧ ಕೊಲ್ಲಲು ಬೇಕಾದಷ್ಟಾಯಿತು. ಬಲ್ಬು ಕಾಪಾಡುವುದು ಫ್ಯೂಸನ್ನು. ಬೇಲಿಗೆ ಹುಲ್ಲು ತಾಗಿದರೂ ಫ್ಯೂಸು ಹಾರುವುದಿಲ್ಲ, ಹಾಗಾಗಿ ತಂತಿಯಲ್ಲಿ ಇಡೀ ರಾತ್ರಿ ಕರೆಂಟು ಕಾದು ಕೂತಿರುತ್ತದೆ.

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ನಂಬಿಕೆಯೂ ಉಂಟು. ಸೋಲಾರ್ ಬೇಲಿಯ ಪೆಟ್ಟಿಗೆಯ ಮೇಲೆ 8000 ವೋಲ್ಟ್ ಎಂದು ಬರೆದದ್ದನ್ನು ನೋಡಿ, 230 ವೋಲ್ಟೇ ಮನುಷ್ಯನನ್ನು ಕೊಲ್ಲುವುದಾದರೆ ಇದು ಇನ್ನೆಷ್ಟು ಎಂದು ಹೆದರುವುದು. ಇಲ್ಲಿ ಬಿಟ್ಟುಹೋದದ್ದು ಸಮಯದ ಲೆಕ್ಕ. ಎನರ್ಜೈಸರ್ ಎಂಬ ಆ ಪೆಟ್ಟಿಗೆ ಸುಮಾರು ಸೆಕೆಂಡಿಗೊಮ್ಮೆ ಮಾತ್ರ ಮಿಡಿಯುತ್ತದೆ, ಒಂದೊಂದು ಮಿಡಿತ ಸೆಕೆಂಡಿನ ಸಾವಿರದ ಒಂದು ಪಾಲಿಗಿಂತಲೂ ಗಿಡ್ಡ. ಒಂದು ಮಿಡಿತದಲ್ಲಿ ಹೊರಬೀಳುವ ಶಕ್ತಿ 5 ಜೌಲ್ ಮೀರಬಾರದು ಎಂದು ಅಂತರರಾಷ್ಟ್ರೀಯ ಮಾನದಂಡವಿದೆ. ಪೆಟ್ಟು ಜೋರಾಗಿಯೇ ತಾಗುತ್ತದೆ, ಆನೆಯೂ ಹಿಂದೆ ಸರಿಯುತ್ತದೆ. ಆದರೆ ಮಿಡಿತ ಮಿಡಿತದ ನಡುವೆ ಕೈ ಬಿಡಿಸಿಕೊಳ್ಳಲು ಒಂದು ಸೆಕೆಂಡು ಸಿಗುತ್ತದೆ. ಮೈನ್ಸ್ ಕರೆಂಟು ಸೆಕೆಂಡಿಗೆ 50 ಆವರ್ತದಲ್ಲಿ ಎಡೆಬಿಡದೆ ಹಿಡಿದುಕೊಳ್ಳುತ್ತದೆ, ಆ ಒಂದು ಸೆಕೆಂಡನ್ನು ಅದು ಕೊಡುವುದಿಲ್ಲ.

ಕಾಡುಪ್ರಾಣಿಗಳ ಬಗ್ಗೆ ಕೃಷಿಕರಿಗಿರುವ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಮಂಡೆಕೋಲು, ಆಲೆಟ್ಟಿಯ ಕಡೆ ಆನೆ ನುಗ್ಗಿದ ಬಾಳೆತೋಟವನ್ನು ಒಮ್ಮೆ ನೋಡಿದವರು ಹಾಗೆ ಹೇಳಲಾರರು. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಒಂದೇ ಬೆಳಿಗ್ಗೆ ಇಬ್ಬರು ಆನೆಯಿಂದ ಪ್ರಾಣ ಕಳೆದುಕೊಂಡರು. ಆದರೂ ಬೇಲಿಗೆ ನೇರ ಕರೆಂಟು ಕೊಡುವುದಕ್ಕೆ ಯಾವ ದಾರಿಯಿಂದಲೂ ಸಮರ್ಥನೆ ಸಿಗದು. ಆನೆ 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಪ್ರಾಣಿ. ಲೈನಿನಿಂದ ಕದ್ದು ಎಳೆದ ಕರೆಂಟಾದರೆ 2003ರ ವಿದ್ಯುತ್ ಕಾಯ್ದೆಯ 135ನೇ ಕಲಮು ಕಾದಿರುತ್ತದೆ. ಇವೆಲ್ಲಕ್ಕಿಂತ ದೊಡ್ಡದು, ನಸುಕಿನಲ್ಲಿ ರಬ್ಬರ್ ಟ್ಯಾಪಿಂಗಿಗೆ ಹೊರಟವರು ಅದೇ ತಂತಿಯನ್ನು ಎಡವುವುದು.

ಎನರ್ಜೈಸರನ್ನು ಮನೆಯಲ್ಲೇ ಮಾಡಬಹುದೇ ಎಂದು ಹುಡುಗರು ಕೇಳುತ್ತಾರೆ. ಬೈಕಿನ ಇಗ್ನಿಷನ್ ಕಾಯಿಲಿಗೆ 555 ಟೈಮರ್ ಸೇರಿಸಿ ಕಿಡಿ ಹಾರಿಸುವ ವಿಡಿಯೋಗಳು ಬೇಕಾದಷ್ಟಿವೆ. ಕಿಡಿ ಹಾರಿದ ಮಾತ್ರಕ್ಕೆ ಬೇಲಿಯಾಗುವುದಿಲ್ಲ. ಟೈಮರ್ ಕೆಟ್ಟು ಒಂದೇ ಸಮನೆ ಮಿಡಿಯತೊಡಗಿದರೆ ಅದನ್ನು ನಿಲ್ಲಿಸುವವರು ಯಾರು? ಶಕ್ತಿಯ ಮಿತಿ ದಾಟದಂತೆ ನೋಡಿಕೊಳ್ಳುವುದೇ ಆ ಪೆಟ್ಟಿಗೆಯ ಅಸಲಿ ವಿದ್ಯೆ. ಹಾಗಾಗಿ ಮಾನ್ಯತೆ ಇರುವ ಎನರ್ಜೈಸರನ್ನು ಅಂಗಡಿಯಿಂದಲೇ ತರಬೇಕು. ಮನೆಯಲ್ಲಿ ಮಾಡಬೇಕಾದ್ದು ಬೇರೆಯೇ ಉಂಟು. ಮಳೆಗಾಲದಲ್ಲಿ ಬಳ್ಳಿ ತಾಗಿ ಬೇಲಿಯ ವೋಲ್ಟೇಜು ಕುಸಿದದ್ದು ಯಾರಿಗೂ ಗೊತ್ತಾಗುವುದಿಲ್ಲ. ಬೇಲಿಯ ತುದಿಯಲ್ಲಿ ಮಿಡಿತ ಬರುತ್ತಿದೆಯೇ ಎಂದು ನೋಡುತ್ತ, ಅದು ನಿಂತರೆ ಮನೆಯಲ್ಲಿ ಬೀಪ್ ಎನ್ನುವ ಸಣ್ಣ ಸರ್ಕಿಟ್ಟು ಮಾಡಿ. ಅದಕ್ಕೆ ಬೆಲೆ ಇದೆ.

“ಎಲ್‌ಇಡಿಯಲ್ಲವೇ, ಮೂರು ವೋಲ್ಟು, ಏನಾಗುತ್ತದೆ?”

ಕೆಟ್ಟ ಎಲ್‌ಇಡಿ ಬಲ್ಬನ್ನು ಬಿಚ್ಚಿ ರಿಪೇರಿ ಮಾಡುವುದು ಈಗ ಬಹುತೇಕ ಹುಡುಗರ ಮೊದಲ ಪಾಠ. ಒಂದು ಎಲ್‌ಇಡಿಗೆ ಮೂರು ವೋಲ್ಟ್ ಸಾಕು ಎನ್ನುವುದು ನಿಜ. ಆದರೆ ಬಲ್ಬಿನೊಳಗೆ ಅವನ್ನು ಸರಮಾಲೆಯಂತೆ ಪೋಣಿಸಿರುತ್ತಾರೆ, ಮಾಲೆಯ ತುದಿಯಿಂದ ತುದಿಗೆ ನೂರು ವೋಲ್ಟ್ ದಾಟುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾದ ಸಂಗತಿ, ಅಗ್ಗದ ಬಲ್ಬುಗಳ ಡ್ರೈವರ್ ಬೋರ್ಡಿಗೂ ಮನೆಯ ಲೈನಿಗೂ ನಡುವೆ ಗೋಡೆಯೇ ಇರುವುದಿಲ್ಲ. ಬೋರ್ಡಿನ ಯಾವ ಮೂಲೆ ಮುಟ್ಟಿದರೂ ಫೇಸನ್ನೇ ಮುಟ್ಟಿದಂತೆ.

ಹವ್ಯಾಸಿಗಳ ನಡುವೆ ಓಡಾಡುವ ‘ಟ್ರಾನ್ಸ್‌ಫಾರ್ಮರ್ ಇಲ್ಲದ ಪವರ್ ಸಪ್ಲೈ’ ಕೂಡ ಇದೇ ಜಾತಿಯದು. ಒಂದು ಕಂಡೆನ್ಸರ್, ನಾಲ್ಕು ಡಯೋಡ್, ಒಂದು ಝೀನರ್. ಮಲ್ಟಿಮೀಟರ್ 5 ವೋಲ್ಟ್ ತೋರಿಸುತ್ತದೆ. ಆದರೆ ಆ 5 ವೋಲ್ಟ್ ಅದರ ಎರಡು ತಂತಿಗಳ ನಡುವಿನದ್ದು. ತಂತಿಗೂ ನೀವು ನಿಂತ ನೆಲಕ್ಕೂ ನಡುವೆ 230 ಇರಬಹುದು. ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳು ಒಂದನ್ನೊಂದು ಮುಟ್ಟದೆ ಶಕ್ತಿ ದಾಟಿಸುತ್ತವೆ, ಮನುಷ್ಯನನ್ನು ಉಳಿಸುವುದು ಆ ಮುಟ್ಟದಿರುವಿಕೆಯೇ. ಶುರು ಮಾಡುವವರು ಹಳೇ ಮೊಬೈಲಿನ ಒಳ್ಳೆಯ ಚಾರ್ಜರನ್ನೋ ನಾಲ್ಕು ಸೆಲ್ಲುಗಳ ಡಬ್ಬವನ್ನೋ ಬಳಸಬೇಕು. ಮೊದಲ ವರ್ಷ 230 ವೋಲ್ಟಿನ ಕಡೆ ಕೈ ಚಾಚುವ ಅಗತ್ಯವೇ ಇಲ್ಲ.

ಹಾಗೆಂದು ಕಡಿಮೆ ವೋಲ್ಟಿನಲ್ಲಿ ಅಪಾಯವೇ ಇಲ್ಲ ಎಂದುಕೊಳ್ಳಬೇಡಿ. ಟ್ಯಾಪಿಂಗಿಗೆ ಹೋಗುವವರು ತಲೆಗೆ ಕಟ್ಟಿಕೊಳ್ಳುವ ಹೆಡ್‌ಲೈಟನ್ನು ಹಳೇ ಲ್ಯಾಪ್‌ಟಾಪಿನ ಲಿಥಿಯಂ ಸೆಲ್ಲು ಹಾಕಿ ಮನೆಯಲ್ಲೇ ಮಾಡಿಕೊಳ್ಳುವುದುಂಟು. 3.7 ವೋಲ್ಟಿನ ಸೆಲ್ಲು ಶಾಕ್ ಹೊಡೆಯುವುದಿಲ್ಲ, ಸರಿ. ಆದರೆ ಚಾರ್ಜು ಮಾಡುವಾಗ 4.2 ವೋಲ್ಟ್ ಮೀರಿದರೆ ಒಳಗೇ ಬಿಸಿಯಾಗಿ ಬೆಂಕಿ ಕಾರಬಹುದು. 4.2ಕ್ಕೆ ತಾನಾಗಿ ನಿಲ್ಲಿಸುವ, ಜೊತೆಗೆ ರಕ್ಷಣೆಯ ಸರ್ಕಿಟ್ಟೂ ಇರುವ ಚಾರ್ಜಿಂಗ್ ಮಾಡ್ಯೂಲಿಗೆ ಅಂಗಡಿಯಲ್ಲಿ ಬಹಳ ಬೆಲೆಯೇನಿಲ್ಲ. ಅದನ್ನು ಹಾಕದೆ ಹೆಡ್‌ಲೈಟ್ ಮಾಡಬೇಡಿ. ಉಬ್ಬಿದ, ಸಿಪ್ಪೆ ಹರಿದ ಸೆಲ್ಲನ್ನು ಮುಟ್ಟಲೂ ಬೇಡಿ.

“ಸ್ವಿಚ್ ತೆಗೆದಿದ್ದೇವೆ, ಸಿಡಿಲು ಏನು ಮಾಡೀತು?”

ಏಪ್ರಿಲ್‌, ಮೇಯ ಸಂಜೆ, ಮತ್ತೆ ಅಕ್ಟೋಬರ್‌, ನವೆಂಬರಿನ ಸಂಜೆ. ಘಟ್ಟದ ಕಡೆಯಿಂದ ಗುಡುಗು ಇಳಿದು ಬರುವ ಈ ತಿಂಗಳುಗಳಲ್ಲಿ ನಮ್ಮೂರ ಮನೆಗಳ ಟಿ.ವಿ., ಇನ್ವರ್ಟರ್, ವೈಫೈ ಪೆಟ್ಟಿಗೆಗಳು ಸಾಲುಸಾಲಾಗಿ ರಿಪೇರಿ ಅಂಗಡಿ ಸೇರುತ್ತವೆ. ಹವ್ಯಾಸಿಯ ಬೋರ್ಡುಗಳೂ ಹೋಗುತ್ತವೆ. ಎರಡು ವರ್ಷದ ಶ್ರಮದ ನನ್ನದೊಂದು ನೀರಾವರಿ ಟೈಮರ್ ಹೀಗೇ ಒಂದು ಕ್ಷಣದಲ್ಲಿ ಸುಟ್ಟಿತು. ಆವತ್ತು ಅದರ ಸ್ವಿಚ್ ತೆಗೆದೇ ಇತ್ತು.

ಸ್ವಿಚ್ಚಿನೊಳಗಿನ ಎರಡು ತುದಿಗಳ ನಡುವಿನ ಅಂತರ ಕೆಲವೇ ಮಿಲಿಮೀಟರ್. ಸಿಡಿಲು ಬರುವುದು ಕಿಲೋಮೀಟರುಗಟ್ಟಲೆ ಗಾಳಿಯನ್ನು ಸೀಳಿ. ರಬ್ಬರ್ ಚಪ್ಪಲಿ ಹಾಕಿದರೆ ಸಿಡಿಲು ತಾಗದು ಎನ್ನುವ ನಂಬಿಕೆಯೂ ಈ ಒಂದೇ ಲೆಕ್ಕಕ್ಕೆ ಬಿದ್ದುಹೋಗುತ್ತದೆ. ಬೆರಳು ದಪ್ಪದ ರಬ್ಬರು ಅದಕ್ಕೆ ಲೆಕ್ಕವೇ ಅಲ್ಲ. ಎಂ.ಸಿ.ಬಿ. ಬಿದ್ದು ಕಾಪಾಡುತ್ತದೆ ಎನ್ನುವುದೂ ತಪ್ಪು, ಅದು ಬೀಳುವಷ್ಟರಲ್ಲಿ ಸಿಡಿಲಿನ ಕೆಲಸ ಮುಗಿದಿರುತ್ತದೆ. ಗುಡುಗು ಕೇಳುವ ಮೊದಲೇ ಪ್ಲಗ್ಗನ್ನೇ ಕಿತ್ತು ದೂರ ಇಡಬೇಕು. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪು ಸುತ್ತಮುತ್ತ ಸಿಡಿಲು ಬೀಳುತ್ತಿರುವುದನ್ನು ತೋರಿಸುತ್ತದೆ, ಅದನ್ನು ನೋಡಿಕೊಂಡರೆ ಪ್ಲಗ್ಗು ಕೀಳುವಷ್ಟು ಸಮಯ ಸಿಗುತ್ತದೆ. ಇನ್ನು ಮೊಬೈಲ್ ಸಿಡಿಲನ್ನು ಎಳೆಯುತ್ತದೆ ಎನ್ನುವ ಮಾತು. ಎಳೆಯುವುದಿಲ್ಲ. ಬಯಲಿನಲ್ಲೋ ಒಂಟಿ ಮರದ ಬುಡದಲ್ಲೋ ನಿಂತವರು ಅಪಾಯದಲ್ಲಿರುವುದು ನಿಂತ ಜಾಗದಿಂದ, ಕೈಯಲ್ಲಿನ ಫೋನಿನಿಂದಲ್ಲ. ಈ ನಂಬಿಕೆ ಬಹುಶಃ ತಂತಿ ಇದ್ದ ಹಳೇ ಲ್ಯಾಂಡ್‌ಲೈನ್ ಕಾಲದ್ದು. ಆ ಫೋನಿನ ಹೆದರಿಕೆ ಮಾತ್ರ ಸರಿಯಾಗಿಯೇ ಇತ್ತು, ಸಿಡಿಲು ತಂತಿ ಹಿಡಿದೇ ಮನೆಯೊಳಕ್ಕೆ ಬರುತ್ತಿತ್ತು. ಫೋನು ಚಾರ್ಜರಿಗೆ ಸಿಕ್ಕಿಸಿಕೊಂಡೇ ಇದ್ದರೆ ಇವತ್ತಿಗೂ ಅದೇ ಹೆದರಿಕೆ ಅನ್ವಯಿಸುತ್ತದೆ.

ತಂತಿಯ ವಿಷಯ ಹವ್ಯಾಸಿಗಳು ಮುಖ್ಯವಾಗಿ ತಿಳಿಯಬೇಕು. ನಮ್ಮ ಟ್ಯಾಂಕು ಗುಡ್ಡದ ಮೇಲೆ, ಬಾವಿ ಕೆಳಗೆ. ನಡುವೆ ಸೆನ್ಸರಿನ ತಂತಿ ಇನ್ನೂರು ಮುನ್ನೂರು ಮೀಟರ್ ಎಳೆಯುತ್ತೇವೆ. ಸಿಡಿಲು ನೇರ ಬೀಳಬೇಕೆಂದಿಲ್ಲ, ಹತ್ತಿರದಲ್ಲೆಲ್ಲೋ ಬಿದ್ದರೂ ಆ ಉದ್ದ ತಂತಿಯಲ್ಲಿ ನೂರಾರು ವೋಲ್ಟ್ ಹುಟ್ಟುತ್ತದೆ. ಐದು ವೋಲ್ಟಿನ ಬೋರ್ಡು ತಡೆದೀತೇ? ನನ್ನ ಟೈಮರ್ ಸತ್ತದ್ದು ಹೀಗೆ. ಈಗ ಅಲ್ಲಿ ತಂತಿ ಇಲ್ಲ, 865ರಿಂದ 867 ಮೆಗಾಹರ್ಟ್ಸಿನ ಸಣ್ಣ ರೇಡಿಯೋ ಇದೆ. ಆ ಪಟ್ಟಿಯಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಲೈಸೆನ್ಸ್ ಬೇಡ.

ಅರ್ಥಿಂಗ್ ಬಗ್ಗೆ ಒಂದು ಮಾತು. ಹಿಂದೆ ಕಬ್ಬಿಣದ ನೀರಿನ ಪೈಪಿಗೆ ಅರ್ಥ್ ಕಟ್ಟುತ್ತಿದ್ದರು. ಪೈಪೆಲ್ಲ ಪಿ.ವಿ.ಸಿ. ಆಗಿ ಎಷ್ಟೋ ವರ್ಷ ಕಳೆದರೂ ಅರ್ಥ್ ತಂತಿ ಹಳೇ ನಲ್ಲಿಯ ತುಂಡಿಗೆ ಕಟ್ಟಿಕೊಂಡೇ ಉಳಿದ ಮನೆಗಳಿವೆ. ಹಾಗೆ ಕಟ್ಟಿದ ತಂತಿ ಮಣ್ಣು ಸೇರುವುದೇ ಇಲ್ಲ. ಮುರಕಲ್ಲಿನ ಗುಡ್ಡ ಬೇಸಗೆಯಲ್ಲಿ ಒಣಗಿ ಗಟ್ಟಿಯಾಗುತ್ತದೆ. ಇದ್ದಿಲು, ಉಪ್ಪು ಹಾಕಿ ಮಾಡಿದ ಅರ್ಥ್ ಗುಂಡಿಗೂ ಮಾರ್ಚಿನಿಂದ ನೀರು ಹಾಕುತ್ತಿರಬೇಕು. ಮನೆಯ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇಲ್ಲದಿದ್ದರೆ, ಮಕ್ಕಳಿಗೆ ಎಲೆಕ್ಟ್ರಾನಿಕ್ಸ್ ಕಿಟ್ ಕೊಡಿಸುವ ಮುಂಚೆ ಅದನ್ನು ಹಾಕಿಸಿ. ಟೆಸ್ಟರ್ ಉರಿಯದಿದ್ದರೆ ಕರೆಂಟಿಲ್ಲ ಎಂದು ನಂಬುವುದನ್ನೂ ಬಿಡಿ. ಒಣ ಮರದ ಸ್ಟೂಲಿನ ಮೇಲೆ ನಿಂತರೂ, ಹಗಲ ಬೆಳಕು ಜೋರಿದ್ದರೂ ಅದರ ಪುಟ್ಟ ದೀಪ ಕಾಣದೇ ಹೋಗಬಹುದು.

ಇನ್ನು ಪಂಪನ್ನು ಮೊಬೈಲಿನಿಂದ ನಡೆಸುವ ಹವ್ಯಾಸಿಗಳ ಕತೆ. ಅವರು ಬಳಸುವ ನೀಲಿ ಬಣ್ಣದ ಸಣ್ಣ ರಿಲೇ ಮೇಲೆ ‘10 ಆಂಪಿಯರ್, 250 ವೋಲ್ಟ್’ ಎಂದು ಅಚ್ಚಾಗಿರುತ್ತದೆ. ಒಂದು ಎಚ್.ಪಿ. ಸಿಂಗಲ್ ಫೇಸ್ ಪಂಪು ಓಡುವಾಗ ಆರೇಳು ಆಂಪಿಯರ್. ಹಾಗಾದರೆ ಸಾಕಲ್ಲ? ಸಾಲದು. ಆ 10 ಆಂಪಿಯರ್ ಬಲ್ಬು, ಹೀಟರುಗಳಿಗೆ ಹೇಳಿದ್ದು. ಮೋಟರು ಹೊರಡುವ ಕ್ಷಣದಲ್ಲಿ ಓಟದ ನಾಲ್ಕೈದು ಪಟ್ಟು ಎಳೆಯುತ್ತದೆ, ನಿಲ್ಲುವಾಗ ಕಿಡಿ ಹಾರಿಸುತ್ತದೆ. ಕೆಲವು ವಾರಗಳಲ್ಲಿ ರಿಲೇಯ ತುದಿಗಳು ಬೆಸೆದುಕೊಂಡು, ನೀವು ಮೊಬೈಲಿನಲ್ಲಿ ‘ಆಫ್’ ಒತ್ತಿದರೂ ಪಂಪು ಓಡುತ್ತಲೇ ಇರುತ್ತದೆ. ಬಾವಿ ಬತ್ತುವವರೆಗೆ. ಸಣ್ಣ ರಿಲೇಗೆ ಕಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚಿನ ಕಾಯಿಲನ್ನಷ್ಟೇ ಎಳೆಯುವ ಕೆಲಸ ಕೊಡಿ, ಮೋಟರಿನ ಹೊರೆ ಕಂಟ್ಯಾಕ್ಟರ್ ಹೊರಲಿ. ಸ್ಟಾರ್ಟರಿನಲ್ಲಿದ್ದ ಓವರ್‌ಲೋಡ್ ರಿಲೇಯನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಫೆಬ್ರವರಿ ಕಳೆದ ಮೇಲೆ ಎಲ್ಲರೂ ಒಟ್ಟಿಗೆ ತೋಟಕ್ಕೆ ನೀರು ಬಿಡುವಾಗ ವೋಲ್ಟೇಜು ಇಳಿಯುತ್ತದೆ. ವೋಲ್ಟೇಜು ಕಡಿಮೆಯಾದರೆ ಕರೆಂಟೂ ಕಡಿಮೆ, ಮೋಟರಿಗೆ ಹಾನಿಯಿಲ್ಲ ಎಂಬ ನಂಬಿಕೆ ಬಲ್ಬಿಗೆ ಸರಿ. ಪಂಪು ಎತ್ತಬೇಕಾದ ನೀರಿನ ಹೊರೆ ಹೆಚ್ಚುಕಡಿಮೆ ಅಷ್ಟೇ ಇರುವುದರಿಂದ ಅದು ಹೆಚ್ಚು ಕರೆಂಟು ಎಳೆದು ಸುರುಳಿಯನ್ನು ಕಾಯಿಸುತ್ತದೆ. ವೋಲ್ಟೇಜು ಇಳಿದಾಗ ಪಂಪು ನಿಲ್ಲಿಸಿ, ಚೇತರಿಸಿ ಹತ್ತು ನಿಮಿಷವಾದ ಮೇಲೆ ಮತ್ತೆ ಹೊರಡಿಸುವ ಸರ್ಕಿಟ್ಟು ನಮ್ಮೂರಿನ ಹವ್ಯಾಸಿಗೆ ಅತ್ಯಂತ ಉಪಯೋಗಕ್ಕೆ ಬರುವ ಪ್ರಾಜೆಕ್ಟು ಎಂದು ನನ್ನ ಅಭಿಪ್ರಾಯ.

“ತೋಡಿನ ನೀರಿನಿಂದ ಪುಕ್ಕಟೆ ಕರೆಂಟು”

ಘಟ್ಟದ ಬುಡದ ಕೆಲವು ಮನೆಗಳಲ್ಲಿ ಮಳೆಗಾಲದಿಂದ ಡಿಸೆಂಬರಿನವರೆಗೆ ತೋಡಿನ ನೀರಿನಿಂದಲೇ ದೀಪ ಉರಿಯುತ್ತದೆ. ಇದು ನಿಜ. ಆದರೆ ಸೈಕಲ್ ಡೈನಮೋ ನೀರಿಗೆ ಹಿಡಿದರೆ ಮನೆಗೆ ಕರೆಂಟು ಎನ್ನುವ ವಿಡಿಯೋ ನಿಜವಲ್ಲ, ಆ ಡೈನಮೋ ಕೊಡುವುದೇ 3 ವಾಟ್. ಲೆಕ್ಕ ಸುಲಭ. ಸೆಕೆಂಡಿಗೆ ಎಷ್ಟು ಲೀಟರ್, ಎಷ್ಟು ಮೀಟರ್ ಇಳಿತ, ಎರಡನ್ನೂ ಗುಣಿಸಿ 9.81ರಿಂದ ಮತ್ತೆ ಗುಣಿಸಿ. 5 ಲೀಟರ್ ನೀರು 20 ಮೀಟರ್ ಇಳಿದರೆ 981 ವಾಟ್. ಪೈಪಿನ ಉಜ್ಜಾಟ, ಟರ್ಬೈನ್, ಜನರೇಟರಿನ ನಷ್ಟ ಕಳೆದು ಅರ್ಧ ಕೈಗೆ ಬಂದರೆ ಸಂತೋಷಪಡಬೇಕು. ಬಕೆಟ್ಟು, ಗಡಿಯಾರ, ಪಾರದರ್ಶಕ ಪೈಪಿನ ಮಟ್ಟ ಹಿಡಿದು ಒಂದು ಮಧ್ಯಾಹ್ನದಲ್ಲಿ ಇದನ್ನು ಅಳೆಯಬಹುದು. ಅಳೆಯದೆ ಪೈಪು ಕೊಳ್ಳಬೇಡಿ.

ಬಳಸದ ಕರೆಂಟು ಉಳಿತಾಯವಾಗುತ್ತದೆ ಎಂದು ಇಲ್ಲಿ ಹಲವರು ಭಾವಿಸುತ್ತಾರೆ. ದೀಪಗಳನ್ನೆಲ್ಲ ಆರಿಸಿದರೆ ಹೊರೆ ಇಲ್ಲದ ಟರ್ಬೈನು ಹುಚ್ಚು ವೇಗದಲ್ಲಿ ತಿರುಗಿ ವೋಲ್ಟೇಜನ್ನು ಏರಿಸುತ್ತದೆ, ಉಳಿದ ಒಂದು ಬಲ್ಬು ಸಿಡಿಯುತ್ತದೆ. ವಾಲ್ವನ್ನು ಗಬಕ್ಕನೆ ಮುಚ್ಚಿದರೆ ನೀರಿನ ಒತ್ತಡಕ್ಕೆ ಪೈಪೇ ಒಡೆಯುತ್ತದೆ. ಹೆಚ್ಚಾದ ಶಕ್ತಿಯನ್ನು ತಾನಾಗಿ ಹೀಟರಿಗೆ ತಿರುಗಿಸುವ ಎಲೆಕ್ಟ್ರಾನಿಕ್ ನಿಯಂತ್ರಕ ಬೇಕು. ಬಚ್ಚಲಿನ ಹಂಡೆಯ ನೀರು ಅದರಿಂದಲೇ ಕಾಯುತ್ತದೆ, ಜೂನಿನ ಸೌದೆ ಉಳಿಯುತ್ತದೆ.

ಇನ್ನೊಂದು ತಪ್ಪು ಪ್ರಾಣಕ್ಕೇ ಎರವಾಗುವಂಥದ್ದು. ಮೆಸ್ಕಾಂ ಲೈನು ಹೋದಾಗ ಟರ್ಬೈನನ್ನೋ ಜನರೇಟರನ್ನೋ ಮನೆಯ ಯಾವುದಾದರೂ ಪ್ಲಗ್ಗಿಗೆ ಸಿಕ್ಕಿಸಿ ದೀಪ ಉರಿಸುವುದು. ಕರೆಂಟು ಮನೆಯೊಳಗೇ ಇರುತ್ತದೆ ಎಂಬ ನಂಬಿಕೆ. ಆದರೆ ಅದು ಲೈನಿಗೂ ಹರಿಯುತ್ತದೆ, ಅಲ್ಲಿನ ಟ್ರಾನ್ಸ್‌ಫಾರ್ಮರಿಗೆ ಹಿಂದೆ ಮುಂದೆ ಎಂಬುದಿಲ್ಲ. ಈ ಕಡೆಯಿಂದ 230 ಕೊಟ್ಟರೆ ಆ ಕಡೆ 11,000 ವೋಲ್ಟ್ ಏಳುತ್ತದೆ. ಅಲ್ಲಿ, ಸುರಿವ ಮಳೆಯಲ್ಲಿ, ಮರ ಬಿದ್ದು ಹರಿದ ತಂತಿ ಜೋಡಿಸಲು ಪವರ್‌ಮ್ಯಾನ್ ಕಂಬ ಹತ್ತಿರುತ್ತಾನೆ. ಎರಡು ಕರೆಂಟನ್ನೂ ಎಂದೂ ಒಟ್ಟಾಗಲು ಬಿಡದ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು.

ಕರೆಂಟಿನಂತೆ ಮೊಬೈಲ್ ಸಿಗ್ನಲಿನ ಸುತ್ತಲೂ ನಂಬಿಕೆಗಳಿವೆ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ, ಮಳೆಯಲ್ಲಿ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಚಿತ್ರವನ್ನು ದೇಶವೇ ನೋಡಿತು. ಸಿಗ್ನಲ್ ಇಲ್ಲದ ಇಂಥ ಸಂಕಟವೇ ಬೂಸ್ಟರು ಮಾರುವವರಿಗೆ ಬಂಡವಾಳ. ಫೋನಿನ ಬೆನ್ನಿಗೆ ಅಂಟಿಸುವ ಚಿನ್ನದ ಬಣ್ಣದ ಸ್ಟಿಕ್ಕರ್ ಏನೂ ಮಾಡುವುದಿಲ್ಲ. ನಿಜವಾದ ಬೂಸ್ಟರ್ ಮಾಡುತ್ತದೆ, ಆದರೆ ಅನುಮತಿಯಿಲ್ಲದೆ ಅದನ್ನು ಇಡುವುದು ಕಾನೂನುಬಾಹಿರ. ಟವರಿನ ಕಿವಿಗೆ ಅದು ಗದ್ದಲ ತುಂಬಿ ಪಕ್ಕದ ಊರಿನವರ ಕರೆಗಳನ್ನು ಕತ್ತರಿಸುವುದೂ ಇದೆ. ಕಾನೂನಿನೊಳಗೇ ಒಂದು ಒಳ್ಳೆಯ ದಾರಿಯಿದೆ. 2.4 ಗಿಗಾಹರ್ಟ್ಸ್ ವೈಫೈಗೆ ಲೈಸೆನ್ಸ್ ಬೇಡ. ಫೈಬರ್ ಬಂದ ನೆಂಟರ ಮನೆ ಎದುರು ಗುಡ್ಡದಲ್ಲಿ ಕಣ್ಣಿಗೆ ಕಾಣುತ್ತಿದ್ದರೆ, ಎರಡೂ ಕಡೆ ದಿಕ್ಕು ಹಿಡಿದು ಕೂರಿಸುವ ಆಂಟೆನಾ ಇಟ್ಟು ಅಲ್ಲಿಂದ ಇಲ್ಲಿಗೆ ತರಬಹುದು. ಅದೇ ವೈಫೈ ಮೇಲೆ ಫೋನ್ ಕರೆಯನ್ನೂ ಮಾಡಬಹುದು. ನಡುವೆ ಅಡಿಕೆ ಸೋಗೆಗಳು ಅಡ್ಡ ಬಂದರೆ ಮಾತ್ರ ಆಗದು, ನೀರು ತುಂಬಿದ ಹಸಿರೆಲೆ ಆ ಅಲೆಯನ್ನು ಕುಡಿದುಬಿಡುತ್ತದೆ.

ಇನ್ನು ಕೆಲವು ಸಣ್ಣ ನಂಬಿಕೆಗಳು. ಪ್ಲಗ್ಗಿಗೆ ಸಿಕ್ಕಿಸಿದರೆ ಬಿಲ್ಲು ಇಳಿಸುತ್ತದೆ ಎಂಬ ಡಬ್ಬಿಯನ್ನು ಬಿಚ್ಚಿ ನೋಡಿದ್ದೇನೆ. ಒಂದು ಕಂಡೆನ್ಸರ್, ಒಂದು ದೀಪ. ಮನೆಯ ಮೀಟರು ಎಣಿಸುವುದು ಯೂನಿಟ್ಟನ್ನು, ಅದನ್ನು ಈ ಕಂಡೆನ್ಸರ್ ಇಳಿಸದು. ಮಳೆನೀರು ಶುದ್ಧ, ಇನ್ವರ್ಟರ್ ಬ್ಯಾಟರಿಗೆ ಹಾಕಬಹುದು ಎನ್ನುವುದೂ ಬೇಡ. ಹಂಚಿನ ಧೂಳು, ಸಮುದ್ರದ ಕಡೆಯಿಂದ ಬಂದ ಉಪ್ಪಿನಂಶ ಅದರಲ್ಲಿರುತ್ತದೆ, ಕ್ಲೋರೈಡು ಸೀಸದ ಪ್ಲೇಟುಗಳನ್ನು ತಿನ್ನುತ್ತದೆ. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವುದಕ್ಕಿಂತ ಆಫ್ ಮಾಡಿ ಫ್ಯಾನಿನ ಗಾಳಿಗೆ ಇಡುವುದು ಮೇಲು. ಬೆಸುಗೆ ಹಾಕುವಾಗ ಏಳುವ ಹೊಗೆ ಸೀಸದ್ದೆಂದು ಹೆದರುವವರಿಗೆ: ತವರ ಸೀಸದ ಬೆಸುಗೆ 190 ಡಿಗ್ರಿಯ ಹತ್ತಿರ ಕರಗುತ್ತದೆ, ಸೀಸ ಕುದಿಯುವುದು 1749 ಡಿಗ್ರಿಯಲ್ಲಿ. ಹೊಗೆ ರಾಳದ್ದು, ಉಬ್ಬಸ ಇದ್ದವರಿಗೆ ಅದೂ ಆಗದು, ಕಿಟಕಿ ತೆರೆದಿಡಿ. ಸೀಸ ಒಳಹೋಗುವುದು ಬೆರಳಿನಿಂದ. ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯಿರಿ.

ಟ್ಯಾಂಕು ತುಂಬಿದರೆ ಕೂಗುವ ಅಲಾರಂ ನಮ್ಮೂರಲ್ಲಿ ಹೆಚ್ಚಿನವರ ಮೊದಲ ಪ್ರಾಜೆಕ್ಟು. ನನ್ನದೂ ಅದೇ. ಎರಡು ಮೊಳೆ, ಒಂದು ಬಿ.ಸಿ. 547 ಟ್ರಾನ್ಸಿಸ್ಟರು, ಬಝರ್, ಸೆಲ್ಲು. ಮೊದಲ ದಿನ ಕೂಗಿದಾಗಿನ ಸಂತೋಷ ಇವತ್ತಿಗೂ ನೆನಪಿದೆ. ತಿಂಗಳೊಳಗೆ ಮೌನ. ಟ್ರಾನ್ಸಿಸ್ಟರ್ ಕೆಟ್ಟಿತೆಂದು ಬದಲಿಸಿದೆ, ಮತ್ತೆ ಮೌನ. ಸರ್ಕಿಟ್ಟು ಸರಿಯೇ ಇತ್ತು. ನೀರೊಳಗಿನ ಒಂದು ಮೊಳೆ ಮಾತ್ರ ಕರಗಿ ಸೂಜಿಯಾಗಿತ್ತು. ಪ್ಲಸ್ಸಿಗೆ ಕಟ್ಟಿದ ಮೊಳೆ ಅದು. ಒಂದೇ ದಿಕ್ಕಿನ ಕರೆಂಟು ನೀರಿನಲ್ಲಿ ಹರಿದಾಗ ಪ್ಲಸ್ ಬದಿಯ ಲೋಹ ಕಣಕಣವಾಗಿ ನೀರಿಗೆ ಬಿಡುತ್ತದೆ. ತಾಮ್ರ ಹಾಕಿದರೂ ಹಾಗೇ, ಹಸಿರು ಕಿಲುಬು ಕಟ್ಟಿ ಸವೆಯುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಮುರಕಲ್ಲಿನ ನಮ್ಮ ಬಾವಿಗಳ ನೀರು ಮೆದು, ಅದರಲ್ಲಿ ಲವಣ ಕಡಿಮೆ, ಹಾಗಾಗಿ ಕರೆಂಟನ್ನು ಸರಿಯಾಗಿ ದಾಟಿಸುವುದಿಲ್ಲ. ಬಯಲುಸೀಮೆಯ ಗಡಸು ನೀರಿನಲ್ಲಿ ಕೂಗುವ ಸರ್ಕಿಟ್ಟು ಇಲ್ಲಿ ಕೂಗದೇ ಇದ್ದರೆ ಮಾಡಿದವರ ತಪ್ಪಲ್ಲ. ಒಂದರ ಹಿಂದೆ ಒಂದು, ಎರಡು ಟ್ರಾನ್ಸಿಸ್ಟರ್ ಹಾಕಿದರೆ ಸರಿಹೋಗುತ್ತದೆ.

ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದರೆ ಈ ತಾಪತ್ರಯವೇ ಇಲ್ಲ ಎನ್ನುತ್ತಾರೆ. ಎರಡು ಕಣ್ಣಿನ ಅಗ್ಗದ ಸೆನ್ಸರ್ ಟ್ಯಾಂಕಿನೊಳಗಿನ ಹಬೆಗೆ ಒಂದು ಮಳೆಗಾಲ ಬಾಳುವುದಿಲ್ಲ, ಜೇಡ ಅದರ ಮುಂದೆಯೇ ಬಲೆ ನೇಯುತ್ತದೆ. ನೀರು ತಾಳುವ ಒಂಟಿ ಕಣ್ಣಿನದ್ದು ಒಳ್ಳೆಯದು, ಆದರೆ ಸುಮಾರು 20 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಅದು ಕಾಣದು. ಟ್ಯಾಂಕು ತುಂಬಿ ನೀರು ಮುಚ್ಚಳದ ಹತ್ತಿರ ಬಂದಾಗಲೇ ಕುರುಡಾಗುತ್ತದೆ.

ನಾನು ಕೊನೆಗೆ ಮಾಡಿದ್ದು ಇಷ್ಟು. ಮುಗಿದ ದೊಡ್ಡ ಟಾರ್ಚ್ ಸೆಲ್ಲುಗಳನ್ನು, ಆಲ್ಕಲೈನ್ ಅಲ್ಲದ ಹಳೇ ನಮೂನೆಯವನ್ನು, ಪೇಪರಿನ ಮೇಲೆ ಜಾಗ್ರತೆಯಿಂದ ಬಿಚ್ಚಿ ನಡುವಿನ ಕಪ್ಪು ಇದ್ದಿಲ ಕಡ್ಡಿಗಳನ್ನು ತೆಗೆದು ತೊಳೆದೆ. ಮೊಳೆಯ ಜಾಗದಲ್ಲಿ ಅವನ್ನು ಇಳಿಬಿಟ್ಟೆ. ಟ್ರಾನ್ಸಿಸ್ಟರಿನ ಜಾಗಕ್ಕೆ ಬಂದ ಆರ್ಡುಯಿನೋ ಬೋರ್ಡು ಹತ್ತು ಸೆಕೆಂಡಿಗೊಮ್ಮೆ ಒಂದು ಕ್ಷಣ ಮಾತ್ರ ಕರೆಂಟು ಕೊಟ್ಟು ನೀರು ಬಂತೇ ಎಂದು ಕೇಳುವಂತೆ ನಾಲ್ಕು ಸಾಲು ಪ್ರೋಗ್ರಾಂ ಬದಲಿಸಿದೆ. ಇರುವೆ ಹೋಗದಂತೆ ಡಬ್ಬದ ಬಾಯಿಗೆ ಮೇಣ ಹಚ್ಚಿದೆ. ಕಡ್ಡಿಗಳು ಎರಡು ಮಳೆಗಾಲ ನೋಡಿವೆ. ಹೋದ ವಾರ ಟ್ಯಾಂಕು ತೊಳೆಯುವಾಗ ಹೊರತೆಗೆದು ಅಳೆದೆ, ದಪ್ಪ ಕಡಿಮೆಯಾಗಿಲ್ಲ.